ರಿಯಾಕ್ಟನ್ನ ಬಂಡಲಿಂದ ಆಚೆ ಹಾಕಿದ್ದು: ನನ್ನ ಅನುಭವ

ಪೇಜಲ್ಲಿ ಆಗ್ಲೇ ರಿಯಾಕ್ಟ್ 18 (ಪೇಜಿನ ಯುಐ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಸ್ಕ್ರಿಪ್ಟ್ ಟ್ಯಾಗಲ್ಲಿ ಲೋಡ್ ಆಗ್ತಿತ್ತು, ನಾನು ಬರ್ದಿದ್ದು ಅದರೊಳಗೆ ಕೂರೋ ಒಂದು ಸಣ್ಣ ವಿಜೆಟ್. ಬಂಡಲ್ ಮಾಡಿ, ಅಂದ್ರೆ ಕೋಡು, ಅದಕ್ಕೆ ಬೇಕಾದ ಲೈಬ್ರರಿ ಎಲ್ಲ ಒಂದೇ ಫೈಲಿಗೆ ಸೇರಿಸಿ ಹಾಕಿದ್ರೆ 'ಇನ್‌ವ್ಯಾಲಿಡ್ ಹುಕ್ ಕಾಲ್' ಅನ್ನೋ ಎರರ್. ರೆಂಡರ್ ಮಾಡೋದು ಪೇಜಿನ ರಿಯಾಕ್ಟ್‌ಡಾಮ್, ಯೂಸ್‌ಸ್ಟೇಟ್ ಅನ್ನೋ ಹುಕ್ (ಸ್ಟೇಟ್ ಇಟ್ಕೊಳ್ಳೋ ರಿಯಾಕ್ಟ್ ಫಂಕ್ಷನ್) ಬರ್ತಿರೋದು ನನ್ನ ಬಂಡಲೊಳಗಿರೋ ಇನ್ನೊಂದು ರಿಯಾಕ್ಟಿಂದ, ಇನ್ನೇನಾಗತ್ತೆ.

ಸರಿ ಅಂತ ಬಂಡಲ್ ಮಾಡೋ ಟೂಲ್ ರೋಲಪ್‌ನ ಕಾನ್ಫಿಗಲ್ಲಿ ಎಕ್ಸ್‌ಟರ್ನಲ್‌ಗೆ ರಿಯಾಕ್ಟ್ ಸೇರಿಸಿದೆ. ಈಗ ಬ್ರೌಸರ್ ಬೇರೆ ರಾಗ ತೆಗೀತು, ಮಾಡ್ಯೂಲ್ ಸ್ಪೆಸಿಫೈಯರ್ ರಿಸಾಲ್ವ್ ಆಗ್ತಿಲ್ಲ ಅಂತ, ಅಂದ್ರೆ ಇಂಪೋರ್ಟಲ್ಲಿರೋ 'ರಿಯಾಕ್ಟ್' ಅನ್ನೋ ಹೆಸರು ಎಲ್ಲಿಂದ ತರೋದು ಅಂತ ಅದಕ್ಕೆ ಗೊತ್ತಾಗ್ಲಿಲ್ಲ. ಎಕ್ಸ್‌ಟರ್ನಲ್ ಅಂದ್ರೆ 'ಇದನ್ನ ಒಳಗೆ ತರಬೇಡ' ಅಂತ ಅಷ್ಟೇ, ಎಲ್ಲಿಂದ ತಗೋಬೇಕು ಅನ್ನೋದನ್ನ ಔಟ್‌ಪುಟ್ ಒಳಗಿನ ಗ್ಲೋಬಲ್ಸಲ್ಲಿ ಹೇಳ್ಬೇಕು, ಅದೂ ಫಾರ್ಮ್ಯಾಟ್ ಐಐಎಫ್‌ಇ (ಬರ್ದ ಕೂಡ್ಲೇ ಓಡೋ ಫಂಕ್ಷನ್) ಅಥವಾ ಯುಎಂಡಿ (ಸ್ಕ್ರಿಪ್ಟ್ ಟ್ಯಾಗಲ್ಲೂ ಓಡೋ ಹಳೇ ಮಾಡ್ಯೂಲ್ ರೂಪ) ಇದ್ರೆ ಮಾತ್ರ ಲೆಕ್ಕಕ್ಕೆ ಬರತ್ತೆ, ನಂದು ಇಎಸ್ (ಇಂಪೋರ್ಟ್ ಬಳಸೋ ಮಾಡ್ಯೂಲ್ ರೂಪ) ಇತ್ತು, ಹಾಗಾಗಿ ಇಂಪೋರ್ಟ್ ಲೈನು ಹಂಗೇ ಉಳ್ಕೊಂಡಿತ್ತು. ಐಐಎಫ್‌ಇಗೆ ಬದಲಾಯಿಸಿದ್ಮೇಲೆ ಇಡೀ ಕೋಡು ಒಂದು ಫಂಕ್ಷನ್ ಒಳಗೆ ಸೇರ್ಕೊಂಡು ಗ್ಲೋಬಲ್ ರಿಯಾಕ್ಟ್ ಅದಕ್ಕೆ ಆರ್ಗ್ಯುಮೆಂಟಾಗಿ ಹೋಗೋಕೆ ಶುರುವಾಯ್ತು.

ಇಲ್ಲಿಗೆ ಬಿಡ್ಬೇಕಿತ್ತು. ನಾನು ಬುದ್ಧಿವಂತ ಅಲ್ವಾ, ರಿಯಾಕ್ಟ್ ಅಂತ ಶುರುವಾಗೋದೆಲ್ಲ ಹೊರಗಿರ್ಲಿ ಅಂತ ಎಕ್ಸ್‌ಟರ್ನಲಲ್ಲಿ ಒಂದು ರೆಜೆಕ್ಸ್ (ಹೆಸರು ಹೊಂದಿಸೋ ಪ್ಯಾಟರ್ನ್) ಹಾಕಿದೆ. ನಾನು ಎಲ್ಲೂ ಇಂಪೋರ್ಟೇ ಮಾಡದ ಜೆಎಸ್‌ಎಕ್ಸ್-ರನ್‌ಟೈಮೂ ಅದರಲ್ಲಿ ಸಿಕ್ಕಾಕೊಂಡ್ತು, ಯಾಕಂದ್ರೆ ಜೆಎಸ್‌ಎಕ್ಸನ್ನ (ಎಚ್‌ಟಿಎಂಎಲ್ ಥರ ಬರೆಯೋ ರಿಯಾಕ್ಟ್ ಕೋಡು) ಜಾವಾಸ್ಕ್ರಿಪ್ಟ್ ಮಾಡೋ ಹೊಸ ಟ್ರಾನ್ಸ್‌ಫಾರ್ಮ್ ಅದನ್ನ ತಾನೇ ಸೇರಿಸತ್ತೆ. ರೋಲಪ್ ಅದಕ್ಕೊಂದು ಗ್ಲೋಬಲ್ ಹೆಸರು ಊಹೆ ಮಾಡಿ ವಾರ್ನಿಂಗ್ ಕೊಟ್ಟಿತ್ತು, ನಾನು ನೋಡ್ಲಿಲ್ಲ. ಪೇಜಲ್ಲಿ 'ಜೆಎಸ್‌ಎಕ್ಸ್‌ರನ್‌ಟೈಮ್ ಈಸ್ ನಾಟ್ ಡಿಫೈನ್ಡ್'. ರಿಯಾಕ್ಟಿನ ಯುಎಂಡಿ ಫೈಲಲ್ಲಿ ಅಂಥ ಗ್ಲೋಬಲ್ಲೇ ಇಲ್ಲ ಮಾರಾಯ್ರೆ! ಆ ಟ್ರಾನ್ಸ್‌ಫಾರ್ಮ್ ಮಾಡೋ ಬೇಬಲಲ್ಲಿ ಜೆಎಸ್‌ಎಕ್ಸ್ ರನ್‌ಟೈಮನ್ನ ಕ್ಲಾಸಿಕ್ ಮಾಡಿ ಪ್ರತಿ ಫೈಲಲ್ಲೂ ರಿಯಾಕ್ಟ್ ಇಂಪೋರ್ಟ್ ಹಾಕ್ದೆ, ಸರಿಹೋಯ್ತು.

ರೋಲಪ್ ಥರದ್ದೇ ಟೂಲ್ ವೆಬ್‌ಪ್ಯಾಕಲ್ಲಿ ಹೊರಗಿಡೋದು, ಎಲ್ಲಿಂದ ತಗೋಬೇಕು ಅಂತ ಹೇಳೋದು, ಈ ಎರಡೂ ಕೆಲ್ಸ ಎಕ್ಸ್‌ಟರ್ನಲ್ಸ್ ಅನ್ನೋ ಒಂದೇ ಆಬ್ಜೆಕ್ಟಲ್ಲಿ ಮುಗಿಯತ್ತೆ. ಇನ್ನೊಂದು ಅಂಥ ಟೂಲ್ ಇಎಸ್‌ಬಿಲ್ಡಲ್ಲಿ ಗ್ಲೋಬಲ್ಸ್ ಆಪ್ಷನ್ನೇ ಇಲ್ಲ, ಬರೀ ಎಕ್ಸ್‌ಟರ್ನಲ್ ಕೊಟ್ರೆ ಐಐಎಫ್‌ಇ ಒಳಗೆ ಬ್ರೌಸರಿಗೆ ಗೊತ್ತಿಲ್ಲದ ರಿಕ್ವೈರ್ ಉಳ್ಕೊಂಡು ಬ್ರೌಸರಲ್ಲಿ ಎರರ್ ಬರತ್ತೆ, ಅದಕ್ಕೆ ರಿಯಾಕ್ಟ್ ಇಂಪೋರ್ಟನ್ನ ಆನ್‌ರಿಸಾಲ್ವಲ್ಲಿ ಹಿಡ್ದು ಆನ್‌ಲೋಡಲ್ಲಿ ವಿಂಡೋದಿಂದ ರಿಯಾಕ್ಟ್ ಎಕ್ಸ್‌ಪೋರ್ಟ್ ಮಾಡೋ ಹತ್ತು ಲೈನಿನ ಪ್ಲಗಿನ್ ಬರ್ಕೊಂಡೆ.

ಮತ್ತೆ, ರಿಯಾಕ್ಟ್ 19ರಲ್ಲಿ ಯುಎಂಡಿ ಬಿಲ್ಡೇ ತೆಗ್ದಿದ್ದಾರೆ. ಅಪ್‌ಗ್ರೇಡ್ ಮಾಡೋರು ಪೇಜಿನ ಮೇನ್ ಬಂಡಲಲ್ಲೇ ರಿಯಾಕ್ಟನ್ನ ವಿಂಡೋ ಮೇಲೆ ಇಡ್ಬೇಕು, ವಿಜೆಟ್ ಸ್ಕ್ರಿಪ್ಟ್ ಅದಾದ್ಮೇಲೇ ಬರ್ಬೇಕು.