ತ್ರೀ ನಾಟ್ ತ್ರೀ ಹಾರಿಸುವ ಮುನ್ನ ಮರ ನೋಡಿ

ಬೇಸಿಗೆಯಲ್ಲಿ ಬುಲ್‌ಗೆ (ಗುರಿಹಲಗೆಯ ನಡುಬೊಟ್ಟಿಗೆ) ನೆಟ್ಟಗೆ ಬೀಳುತ್ತಿದ್ದ ಗುಂಡು ಮಳೆ ಕಳೆದು ಬರುವ ಆಯುಧ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಒಂದು ಗೇಣು ಆಚೆ ಬೀಳುತ್ತದೆ. ಹೊಡೆಯುವವರು ಕಣ್ಣನ್ನೋ ತೋಟೆಯನ್ನೋ ದೂರುತ್ತಾರೆ. ಕೊಡಗಿನಲ್ಲಿ ಹೆಚ್ಚಿನ ಸಲ ದೋಷ ರೈಫಲಿನ ಮರದ್ದು. ತ್ರೀ ನಾಟ್ ತ್ರೀ (.303) ಎಂದು ಕರೆಯುವ ಲೀ ಎನ್‌ಫೀಲ್ಡ್ ನಂ. 1 ಮಾರ್ಕ್ 3 ರೈಫಲ್ ಬ್ರಿಟಿಷ್ ಸೇನೆಗೆ 1907ರಲ್ಲಿ ಬಂತು, ನಮ್ಮ ಇಶಾಪುರದ ಕಾರ್ಖಾನೆಯಲ್ಲೂ ದಶಕಗಟ್ಟಲೆ ತಯಾರಾಯಿತು. ಇದರ ನಳಿಕೆಗೆ ತುದಿಯವರೆಗೂ ಮರದ ಹೊದಿಕೆ. ಮೂರು ತಿಂಗಳ ಮಳೆಯ ತೇವ ಕುಡಿದು ಊದಿಕೊಂಡ ಮರ ನಳಿಕೆಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. .303 ನಿಷೇಧಿತ ಬೋರ್ (ನಳಿಕೆಯ ಅಳತೆ). 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯ ಬಲದ ಮೇಲೆ ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಧಿಕೃತ ರೇಂಜ್‌ನಲ್ಲಿ, ಅಲ್ಲಿನ ಅಧಿಕಾರಿಯ ಕಣ್ಣೆದುರಿಗೇ ಹಾರಿಸಬೇಕು. ಮನೆಗಳಲ್ಲಿರುವ .315 ಸ್ಪೋರ್ಟಿಂಗ್ ರೈಫಲ್ ಇದೇ ಎನ್‌ಫೀಲ್ಡ್ ಬೋಲ್ಟಿನ (ನಳಿಕೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗದ) ಕೂಸು. ಹಾಗಾಗಿ ಕೆಳಗಿನ ಅಭ್ಯಾಸಗಳಲ್ಲಿ ಬಹುಪಾಲು ಅದಕ್ಕೂ ಸಲ್ಲುತ್ತವೆ, ತೋಟೆ ಮಾತ್ರ ಬೇರೆ.

ಹಾರಿಸುವ ಮುನ್ನ

ಬೋಲ್ಟ್ ತೆಗೆದು ನಳಿಕೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಹಬ್ಬದ ದಿನ ಕೋವಿಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಊರು ನಮ್ಮದು. ಹೂವಿನ ತೊಟ್ಟೊಂದು ಒಳಗೆ ಮುರಿದು ಉಳಿದರೂ ನಳಿಕೆ ಉಬ್ಬಲು, ಸೀಳಲು ಅಷ್ಟು ಸಾಕು.

ಬೋಲ್ಟಿನ ಹಿಡಿಯ ಬುಡದಲ್ಲಿರುವ ಸಂಖ್ಯೆಯೂ ರೈಫಲಿನ ಮೈಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಇಲ್ಲವಾದರೆ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಗೇಜ್ ಹಾಕಿ ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ತೋಟೆಯ ಅಂಚು ಆತು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ನೋಡುವ ತನಕ ಹಾರಿಸಬೇಡಿ. ಅದು 0.064ರಿಂದ 0.074 ಇಂಚಿನೊಳಗೆ ಇರಬೇಕು. ಹೆಚ್ಚಾದರೆ ಹಾರಿಸಿದ ಖಾಲಿ ತೋಟೆಯೇ ಸುಳಿವು ಕೊಡುತ್ತದೆ: ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಉಂಗುರದಂಥ ಹೊಳೆಯುವ ಗೆರೆ. ಅದು ಕಂಡರೆ ಆ ರೈಫಲನ್ನು ಅಲ್ಲಿಗೇ ಬದಿಗಿಡಿ. ಮುಂದಿನ ತೋಟೆ ಆ ಗೆರೆಯಲ್ಲೇ ಹರಿಯಬಹುದು.

ಇನ್ನು ಮರ. ಟ್ರಿಗರ್ ಗಾರ್ಡಿನ ಮುಂತುದಿಯ ದೊಡ್ಡ ಸ್ಕ್ರೂ ಬಿಗಿಯಾಗಿರಬೇಕು. ಅದರೊಳಗೆ ಒಂದು ಲೋಹದ ಕಾಲರ್ ಇದೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸ್ಕ್ರೂ ಕಾಲರಿಗೆ ಆತು ನಿಲ್ಲುತ್ತದೆ. ಕೈಗೆ ಬಿಗಿ ಅನಿಸುತ್ತದೆ, ಆದರೆ ಮರ ಒಳಗೆ ಅಲುಗಾಡುತ್ತಿರುತ್ತದೆ. ಆಮೇಲೆ ನಳಿಕೆಯ ತುದಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ. ಕೂದಲೆಳೆಯಷ್ಟು ಇಳಿದು, ಒಳಗಿನ ಸ್ಪ್ರಿಂಗಿನ ಬಲದಿಂದ ಮತ್ತೆ ಮೇಲೇಳಬೇಕು. ಅಲುಗದೆ ಒಂದು ಪಕ್ಕಕ್ಕೆ ಆತುಕೊಂಡಿದ್ದರೆ ಮರ ತಾಗುತ್ತಿದೆ ಎಂದೇ ಅರ್ಥ. ಉಪ್ಪುಕಾಗದ ಹಿಡಿದು ನೀವೇ ಉಜ್ಜಲು ಹೋಗಬೇಡಿ. ಉಜ್ಜಿ ಹೋದ ಮರ ಮರಳಿ ಬರುವುದಿಲ್ಲ, ಆರ್ಮರರ್‌ಗೆ ಕೊಡಿ.

ತೋಟೆ ತುಂಬುವುದು

.303 ತೋಟೆಯ ಬುಡಕ್ಕೆ ಹೊರಚಾಚಿದ ಅಂಚಿದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಂಡು ಬೋಲ್ಟ್ ನಡುವೆಯೇ ನಿಲ್ಲುತ್ತದೆ. ಆಗ ಬಲ ಹಾಕದೆ ಮ್ಯಾಗಜೀನ್ ಬಿಚ್ಚಿ ಮತ್ತೆ ಜೋಡಿಸಿ. ಹತ್ತು ಹಿಡಿಯುತ್ತದೆ, ಆದರೆ ರೇಂಜ್‌ನಲ್ಲಿ ಐದೇ ತುಂಬಿ. ಹಳೆಯ ಮಾದರಿಗಳಲ್ಲಿ ಬಲಬದಿಗೆ ಕಟ್-ಆಫ್ ತಗಡು ಇರುತ್ತದೆ. ಅದು ಒಳಗೆ ತಳ್ಳಿದ್ದರೆ ಮ್ಯಾಗಜೀನಿನಿಂದ ತೋಟೆ ಏಳುವುದಿಲ್ಲ. ಎಷ್ಟೋ ಜನ ರೈಫಲ್ ಕೆಟ್ಟಿದೆ ಎಂದುಕೊಳ್ಳುವುದು ಇಲ್ಲೇ.

ಹಾರಿಸುವುದು

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಕೊನೆಯ ಅರ್ಧದಲ್ಲಿ ಸ್ಪ್ರಿಂಗ್ ಎದುರಾಗುತ್ತದೆ. ಈ ರೈಫಲ್ ಕಾಕ್ ಆಗುವುದು (ಹಾರಲು ಸಜ್ಜಾಗುವುದು) ಮುಚ್ಚುವಾಗಲೇ. ಸಿಕ್ಕಿಕೊಂಡಿತೆಂದು ಗುದ್ದದೆ ಒಂದೇ ಬೀಸಿಗೆ ತಳ್ಳಿ ಹಿಡಿ ಕೆಳಗಿಳಿಸಿ. ಬಟ್ಟನ್ನು (ರೈಫಲಿನ ಹಿಂತುದಿಯನ್ನು) ತೋಳಿನ ಮೂಳೆಗಲ್ಲ, ಭುಜದ ಒಳಗುಳಿಗೆ ಒತ್ತಿ. ಟ್ರಿಗರ್ ಎರಡು ಹಂತದ್ದು: ಮೊದಲ ಹಂತ ಸಡಿಲ, ಅದನ್ನು ಎಳೆದು ನಿಲ್ಲಿಸಿ, ಅರ್ಧ ಉಸಿರು ಬಿಟ್ಟು ಹಿಡಿದು, ಎರಡನೆಯದನ್ನು ನಿಧಾನವಾಗಿ ಹಿಂಡಿ.

ಹಿಂದಿನ ಸೈಟಿನ (ಗುರಿ ನೋಡುವ ಪಟ್ಟಿಯ) ಕನಿಷ್ಠ ಗುರುತು 200 ಗಜ. ಹಾಗಾಗಿ 100 ಗಜದ ಗುರಿಯಲ್ಲಿ ಗುಂಡು ಕೆಲವು ಇಂಚು ಮೇಲೆ ಬೀಳುವುದು ಸಹಜ. ಬುಲ್‌ನ ಕೆಳಅಂಚಿಗೆ ಗುರಿ ಹಿಡಿಯಿರಿ. ಅದಕ್ಕೂ ಹೆಚ್ಚು ಮೇಲೆ ಬಿದ್ದರೆ ಎತ್ತರದ ಮುಂಸೈಟ್ ಹಾಕಬೇಕು. 0.015 ಇಂಚು ಎತ್ತರ ಹೆಚ್ಚಿದರೆ 100 ಗಜದಲ್ಲಿ ಗುಂಡು ಸುಮಾರು 7 ಸೆಂ.ಮೀ. ಕೆಳಗಿಳಿಯುತ್ತದೆ. ಮುಂಸೈಟನ್ನು ಬಲಕ್ಕೆ ಸರಿಸಿದರೆ ಗುಂಡು ಎಡಕ್ಕೆ. ಒಂದೇ ಗುಂಡು ನೋಡಿ ಸೈಟಿಗೆ ಕೈ ಹಾಕಬೇಡಿ. ಐದರ ಗುಂಪು ನೋಡಿ, ನಳಿಕೆ ಆರಲು ಬಿಟ್ಟು ಇನ್ನೈದು ಹಾರಿಸಿ, ಆಮೇಲೆ ನಿರ್ಧರಿಸಿ. ನಳಿಕೆ ಕಾದಂತೆ ಗುಂಪು ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ಸೈಟ್ ಮುಟ್ಟದೆ ಮತ್ತೆ ಮರದ ಕಡೆ ನೋಡಿ.

ಪಿನ್ ಬಡಿದೂ ಸಿಡಿಯದಿದ್ದರೆ ಬಾಯಿ ಗುರಿಯತ್ತಲೇ ಇರಲಿ. ಕನಿಷ್ಠ 30 ಸೆಕೆಂಡ್ ಕಾದು ಬೋಲ್ಟ್ ತೆರೆಯಿರಿ. ಹಳೆಯ ತೋಟೆ ತಡವಾಗಿಯೂ ಸಿಡಿಯುತ್ತದೆ. ಸದ್ದು ಕ್ಷೀಣವಾಗಿ ಬಂದರೆ ಗುಂಡು ನಳಿಕೆಯಲ್ಲೇ ಕೂತಿರಬಹುದು. ನಳಿಕೆ ನೋಡದೆ ಇನ್ನೊಂದು ಹಾರಿಸುವುದು ಪ್ರಾಣಕ್ಕೆ ಕುತ್ತು.

ಅದೇ ದಿನ ಬಿಸಿನೀರು

ಹಳೆಯ ಮಿಲಿಟರಿ ತೋಟೆಯ ಪ್ರೈಮರ್ (ಪಿನ್ ಬಡಿದಾಗ ಕಿಡಿ ಹೊತ್ತಿಸುವ ಬುಡದ ಮದ್ದು) ನಳಿಕೆಯೊಳಗೆ ಒಂದು ಬಗೆಯ ಉಪ್ಪು ಬಿಡುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಮಂಜಿನಲ್ಲಿ ಒಂದು ರಾತ್ರಿ ಕಳೆದರೆ ಬೆಳಿಗ್ಗೆ ನಳಿಕೆಯೊಳಗೆ ಕೆಂಪು. ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಉಪ್ಪನ್ನು ಕರಗಿಸುವುದಿಲ್ಲ, ನೀರೇ ಬೇಕು. ಬೋಲ್ಟ್ ತೆಗೆದು, ಹಿಂಬದಿಯಿಂದ ಆಲಿಕೆಯಿಟ್ಟು, ಕುದಿಯುವ ನೀರು ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ಸುರಿಯಿರಿ. ನೀರು ಮರದೊಳಗೆ ಇಳಿಯದಂತೆ ಬಾಯಿ ಕೆಳಗೆ ಮಾಡಿ ಹಿಡಿಯಬೇಕು. ಕಾದ ನಳಿಕೆ ತಾನೇ ಬೇಗ ಒಣಗುತ್ತದೆ. ಬಳಿಕ ಪುಲ್‌ಥ್ರೂಗೆ (ನಳಿಕೆ ಒರೆಸಲು ಎಳೆಯುವ ಹಗ್ಗಕ್ಕೆ) 4 ಇಂಚು ಉದ್ದ, 2 ಇಂಚು ಅಗಲದ ಚಿಂದಿ ಕಟ್ಟಿ, ಬಿಳಿಯಾಗಿ ಹೊರಬರುವ ತನಕ ಎಳೆಯಿರಿ. ಎಣ್ಣೆ ಹಚ್ಚಲು ಒಂದೂವರೆ ಇಂಚು ಅಗಲದ್ದು ಸಾಕು. ಹಗ್ಗ ನಳಿಕೆಯ ಅಂಚಿಗೆ ಉಜ್ಜದಂತೆ ನೇರ ಎಳೆಯಬೇಕು. ಬೋಲ್ಟಿನ ಮುಖವನ್ನೂ ಬಿಸಿನೀರಿನ ಬಟ್ಟೆಯಿಂದ ಒರೆಸಿ. ಮಳೆಗಾಲವಾದರೆ ಮುಂದಿನ ಮೂರು ದಿನ ಒಣ ಚಿಂದಿ ಎಳೆದು ನೋಡಿ, ಕಂದು ಬಂದರೆ ಮತ್ತೆ ನೀರಿನಿಂದ ಶುರು ಮಾಡಿ.

ಮುಂದಿನ ಸಲ ರೇಂಜ್‌ನಲ್ಲಿ ಮೊದಲ ತೋಟೆಗೆ ಮುನ್ನ ಆ ಎಣ್ಣೆಯನ್ನು ಒಣ ಚಿಂದಿಯಿಂದ ಪೂರ್ತಿ ತೆಗೆಯಿರಿ. ಎಣ್ಣೆ ಉಳಿದ ನಳಿಕೆಯಿಂದ ಹೊರಟ ಮೊದಲ ಗುಂಡು ಗುಂಪಿನಿಂದ ದೂರ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.