ಯೆಲ್ಲೋನೈಫ್–ಇನುವಿಕ್: ವಿಮಾನದ ದೂರ, ಪ್ರಯಾಣದ ಹೊತ್ತು ಲೆಕ್ಕ ಹಾಕುವುದು ಹೇಗೆ?

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ಈ ಎರಡು ಊರುಗಳ ನಡುವಿನ ದೂರವನ್ನು ಗೋಡೆಯ ಮರ್ಕೇಟರ್ ನಕ್ಷೆಯ (ದುಂಡಗಿನ ಭೂಮಿಯನ್ನು ಚಪ್ಪಟೆ ಆಯತವಾಗಿ ಬಿಡಿಸಿದ ನಕ್ಷೆ) ಮೇಲೆ ಸ್ಕೇಲ್ ಇಟ್ಟು ಅಳೆದರೆ, ಸಮಭಾಜಕಕ್ಕೆ ಹೊಂದುವ ಅಳತೆಪಟ್ಟಿ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ತೋರಿಸುತ್ತದೆ. ನಿಜವಾದ ದೂರ ಅದರ ಅರ್ಧವೂ ಇಲ್ಲ. ಉತ್ತರಕ್ಕೆ ಹೋದಷ್ಟೂ ಆ ನಕ್ಷೆ ಹಿಗ್ಗುತ್ತದೆ. ಅದನ್ನು ಬದಿಗಿಡಿ.

ಹಂತ 1. ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಯೆಲ್ಲೋನೈಫ್: 62.46 ಉತ್ತರ, 114.44 ಪಶ್ಚಿಮ. ಇನುವಿಕ್: 68.30 ಉತ್ತರ, 133.48 ಪಶ್ಚಿಮ. 62 ಡಿಗ್ರಿ 27 ನಿಮಿಷ ಎಂದಿದ್ದರೆ ಅದು 62.27 ಅಲ್ಲ, 27ನ್ನು 60ರಿಂದ ಭಾಗಿಸಬೇಕು. ಇಲ್ಲಿ ಎಡವಿದರೆ ಇಪ್ಪತ್ತು ಕಿ.ಮೀ. ಆಚೀಚೆ.

ಹಂತ 2. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಅಕ್ಷಾಂಶದ ಒಂದು ಡಿಗ್ರಿ ಎಲ್ಲೇ ಆದರೂ ಸುಮಾರು 111.2 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ, ಧ್ರುವದತ್ತ ಹೋದಂತೆ ಕಿರಿದಾಗುತ್ತದೆ. ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಲೇಬೇಕು. ಎರಡೂ ಊರುಗಳ ಸರಾಸರಿ ಅಕ್ಷಾಂಶ 65.38, ಅದರ ಕೊಸೈನ್ 0.4166. ರೇಖಾಂಶದ ವ್ಯತ್ಯಾಸ 19.04 ಡಿಗ್ರಿ. ಗುಣಿಸಿದರೆ 7.93 ಡಿಗ್ರಿ, ಅಂದರೆ ಪೂರ್ವ–ಪಶ್ಚಿಮ 882 ಕಿ.ಮೀ. ಕೊಸೈನ್ ಮರೆತರೆ ಇದೇ 2,100 ದಾಟುತ್ತದೆ. ಉತ್ತರ–ದಕ್ಷಿಣ ವ್ಯತ್ಯಾಸ 5.84 ಡಿಗ್ರಿ, 650 ಕಿ.ಮೀ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ: ಸುಮಾರು 1,095.

ಇದು ಅಂದಾಜು. ಗೋಳದ ಮೇಲಿನ ಅತಿ ಹತ್ತಿರದ ದಾರಿ ಬೇಕಿದ್ದರೆ ಹ್ಯಾವರ್‌ಸೈನ್ ಸೂತ್ರ ಬಳಸಿ, 1,088 ಕಿ.ಮೀ. ಬರುತ್ತದೆ. ಎಕ್ಸೆಲ್‌ನಲ್ಲಿ ಮಾಡುವವರು ಮೊದಲು ಡಿಗ್ರಿಯನ್ನು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸಬೇಕು, ಇಲ್ಲದಿದ್ದರೆ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ಟಿಕೆಟ್ ಯೋಚನೆಗಷ್ಟೇ ಆದರೆ ಏಳು ಕಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 3. ಯಾವ ವಿಮಾನ ಎಂದು ನೋಡಿ. ಜೆಟ್‌ಗೆ ಗಂಟೆಗೆ 780, ಎಟಿಆರ್‌ನಂಥ ಪ್ರೊಪೆಲರ್ ಇರುವ ಟರ್ಬೊಪ್ರಾಪ್‌ಗೆ 500 ಕಿ.ಮೀ. ಹಿಡಿಯಿರಿ. ಎಲ್ಲ ಊರಿಗೂ ಒಂದೇ ವೇಗ ಹಾಕಿ ಹೊತ್ತು ಹೇಳುವ ದೂರ ಲೆಕ್ಕದ ಜಾಲತಾಣಗಳನ್ನು ನಂಬಬೇಡಿ. ಅವಕ್ಕೆ ಆ ದಾರಿಯಲ್ಲಿ ವಿಮಾನ ಇದೆಯೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ.

ಹಂತ 4. ಎಷ್ಟು ಸಲ ಇಳಿಯುತ್ತದೆ ಎಂದು ಎಣಿಸಿ. ಪ್ರತಿ ಹಾರಾಟಕ್ಕೂ ರನ್‌ವೇ ಓಡಾಟ, ಏರುವುದು, ಇಳಿಯುವುದು ಸೇರಿ 20 ನಿಮಿಷ ಹೆಚ್ಚುವರಿ ಇಡಿ. ಎಟಿಆರ್ ನೇರ ಹೋದರೆ ಎರಡೂವರೆ ಗಂಟೆ ಸಾಕು. ನಡುದಾರಿಯ ಊರಾದ ನಾರ್ಮನ್ ವೆಲ್ಸ್‌ನಲ್ಲಿ ಇಳಿದರೆ? ದೂರ 680 ಮತ್ತು 445 ಸೇರಿ 1,125 ಕಿ.ಮೀ.; ಹೆಚ್ಚಾದದ್ದು ಬರೀ 37. ಆದರೆ ಇನ್ನೊಂದು 20 ನಿಮಿಷ, ಜೊತೆಗೆ ನೆಲದ ಮೇಲೆ ಅರ್ಧ ಗಂಟೆ. ಒಟ್ಟು ಮೂರೂಕಾಲು ಗಂಟೆ ಮೀರುತ್ತದೆ. ಹೊತ್ತು ತಿನ್ನುವುದು ದೂರವಲ್ಲ, ನಿಲುಗಡೆ.

ಹಂತ 5. ಗಾಳಿ. ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ ಎಟಿಆರ್‌ನ ನೇರ ಹಾರಾಟ 2 ಗಂಟೆ 28 ನಿಮಿಷ, ಅದೇ ಗಾಳಿ ಬೆನ್ನಿಗಿದ್ದರೆ 1 ಗಂಟೆ 57 ನಿಮಿಷ. ಆ 20 ನಿಮಿಷ ಇದರ ಮೇಲೆ. ಹೋಗುವ ಹೊತ್ತನ್ನೇ ಎರಡರಿಂದ ಗುಣಿಸಿ ವಾಪಸು ಲೆಕ್ಕ ಹಾಕಬೇಡಿ.

ಎರಡೂ ಊರು ಒಂದೇ ಕಾಲವಲಯದಲ್ಲಿವೆ. ಟಿಕೆಟ್‌ನಲ್ಲಿರುವ ಎರಡು ಸಮಯಗಳನ್ನು ನೇರವಾಗಿ ಕಳೆದು ನಿಮ್ಮ ಲೆಕ್ಕದೊಂದಿಗೆ ತಾಳೆ ನೋಡಿ. ಒಂದು ಗಂಟೆಯಷ್ಟು ಅಂತರ ಕಂಡರೆ, ನೀವು ಗಮನಿಸದ ನಿಲುಗಡೆಯೊಂದು ನಡುವೆ ಇರುವ ಸಾಧ್ಯತೆಯೇ ಹೆಚ್ಚು.