"ಚಾಕು ಕಿತ್ಕೊಳ್ಳೋದು ಕಲಿಸ್ತೀರಾ ಸರ್?"

ಪುಣೆಯ ಕೋಥ್ರುಡ್‌ನಲ್ಲಿ ಒಂದು ಸೊಸೈಟಿಯ ಟೆರೇಸಿನ ಮೇಲೆ ನಮ್ಮ ಕರಾಟೆ ಕ್ಲಾಸು ನಡೆಯುತ್ತದೆ. ಮಕ್ಕಳಲ್ಲಿ ಸುಮಾರು ಜನ ಕನ್ನಡದ ಮನೆಯವರೇ. ಹುಬ್ಬಳ್ಳಿ, ವಿಜಯಪುರ, ಬೆಳಗಾವಿ ಕಡೆಯಿಂದ ನೌಕರಿಗೆ ಬಂದು ಇಲ್ಲೇ ಉಳಿದವರು. 2023ರ ಹೊತ್ತಿಗೆ ಇಲ್ಲಿನ ಪೇಪರುಗಳಲ್ಲಿ 'ಕೊಯ್ತಾ ಗ್ಯಾಂಗ್', ಅಂದರೆ ಮಚ್ಚಿನಂಥ ಹತ್ಯಾರ ಹಿಡಿದು ಹಲ್ಲೆ ಮಾಡುವ ಗುಂಪುಗಳ, ಸುದ್ದಿ ಜಾಸ್ತಿ ಬರತೊಡಗಿತು. ಆಗಿನಿಂದ ಅಡ್ಮಿಶನ್ನಿಗೆ ಬಂದ ಅಪ್ಪ-ಅಮ್ಮಂದಿರು ಫೀಸಿಗಿಂತ ಮೊದಲು ಕೇಳುವುದು ಇದನ್ನೇ: "ಚಾಕು ಕಿತ್ಕೊಳ್ಳೋದು ಕಲಿಸ್ತೀರಾ ಸರ್?"

ಇಲ್ಲ ಅನ್ನುತ್ತೇನೆ. ಕೆಲವರು ಹಾಗೇ ಎದ್ದು ಹೋಗುತ್ತಾರೆ. ಕೂತವರಿಗೆ ಯಾಕೆ ಅಂತ ಹೇಳುತ್ತೇನೆ.

ಚಾಕುವಿನ ಪಾಠ ನಮ್ಮ ವಿದ್ಯೆಗಳಲ್ಲಿ ಇಲ್ಲವೆಂದಲ್ಲ. ಜೂಡೋದಲ್ಲಿ ಅದರ ಮೂಲ ಸಂಸ್ಥೆ ಕೊಡೊಕಾನ್ 1956ರಲ್ಲಿ ರೂಪಿಸಿದ ಗೋಶಿನ್ ಜುತ್ಸು ಎಂಬ ಆತ್ಮರಕ್ಷಣೆಯ ಪಾಠ ಇದೆ. ಅದರ 21 ಪಟ್ಟುಗಳಲ್ಲಿ ಮೂರು ಚಾಕುವಿನ ಎದುರು. ಐಕಿಡೋದಲ್ಲಿ ಚಾಕು ಕಿತ್ತುಕೊಳ್ಳುವ ತಾಂತೊ-ದೊರಿ ಇದೆ. ಕರಾಟೆ ಕಲಿತವರಿಗೆ ಎರಡೂ ಮಣಿಕಟ್ಟು ಅಡ್ಡ ಹಿಡಿದು ತಡೆಯುವ ಜೂಜಿ-ಉಕೆ ಗೊತ್ತೇ ಇರುತ್ತದೆ. ಇವೆಲ್ಲದರಲ್ಲೂ ಎದುರಿನವನು ಒಂದು ಹೆಜ್ಜೆ ಮುಂದಿಟ್ಟು ಒಂದು ಸಲ ತಿವಿಯುತ್ತಾನೆ. ಆಮೇಲೆ ಅವನ ಕೈ ಅಲ್ಲೇ ನಿಂತಿರುತ್ತದೆ. ನಾವು ಅದನ್ನು ತಿರುಚಿ ಅವನನ್ನು ಕೆಡವುತ್ತೇವೆ, ನೋಡುವವರು ಚಪ್ಪಾಳೆ ಹೊಡೆಯುತ್ತಾರೆ. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಇದನ್ನು ನೋಡಿ, "ಸರ್ರ, ಹಿಂಗ ಯಾರ್ ಬರ್ತಾರ್ರೀ?" ಅಂದ. ಅದಕ್ಕೆ ಬಾಯಲ್ಲಿ ಉತ್ತರ ಕೊಡುವ ಬದಲು ಪರೀಕ್ಷೆ ಮಾಡಿಯೇ ನೋಡೋಣ ಅಂದೆ.

ಎಲ್ಲರಿಗೂ ಹಳೆಯ ಬಿಳಿ ಟೀ ಶರ್ಟ್ ಹಾಕಿಕೊಂಡು ಬರಲು ಹೇಳಿದೆ. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಕಡ್ಡಾಯ. ಇಬ್ಬರಲ್ಲಿ ಒಬ್ಬನ ಕೈಗೆ ಕಪ್ಪು ಮಾರ್ಕರ್ ಕೊಟ್ಟೆ. ಅವನಿಗೆ ನಿಯಮ ಏನೂ ಇಲ್ಲ. ಮಾತಾಡುತ್ತಾ ಹತ್ತಿರ ಬರಬಹುದು, ಮಾರ್ಕರ್ ತೊಡೆಯ ಹಿಂದೆ ಅಡಗಿಸಬಹುದು, ಎಡಗೈಯಲ್ಲಿ ಕಾಲರ್ ಹಿಡಿದು ಬಲಗೈಯಲ್ಲಿ ತಿವಿಯಬಹುದು. ನಿಜವಾಗಿ ಮೇಲೆ ಎರಗಿದವರು ಬಹಳ ಸಲ ತಿವಿಯುವುದೂ ಹೀಗೇ. ಒಂದು ಕೈಯಲ್ಲಿ ಹಿಡಿದಿಟ್ಟು, ಇನ್ನೊಂದರಲ್ಲಿ ಹೊಲಿಗೆ ಮಷೀನಿನ ಸೂಜಿಯ ಹಾಗೆ ಒಂದೇ ಸಮ.

ಎರಡು-ಮೂರು ಸೆಕೆಂಡಿಗೇ ಹೊಟ್ಟೆ, ಪಕ್ಕೆ, ಕಂಕುಳ ಕೆಳಗೆಲ್ಲ ಮಸಿ. ಮಣಿಕಟ್ಟು ಹಿಡಿಯಲು ಕೈ ಚಾಚುವಷ್ಟರಲ್ಲಿ ಮಾರ್ಕರ್ ಹಿಂದೆ ಹೋಗಿ ಮತ್ತೆ ಬಂದಿರುತ್ತಿತ್ತು. ಜೂಜಿ-ಉಕೆ ಹಾಕಿದವರ ಎರಡೂ ಮಣಿಕಟ್ಟಿನ ಮೇಲೆ ಗೆರೆ, ಅದೂ ಅವನು ಕೈ ಹಿಂದಕ್ಕೆ ಎಳೆದುಕೊಂಡಾಗ ಬಿದ್ದದ್ದು. ಬ್ಲ್ಯಾಕ್ ಬೆಲ್ಟ್‌ನವರ ಶರ್ಟೂ ಬೆಳ್ಳಗೆ ಉಳಿಯಲಿಲ್ಲ. ಆದರೆ ವ್ಯತ್ಯಾಸ ಇತ್ತು. ಅವರು ದಂಗಾಗಿ ನಿಲ್ಲಲಿಲ್ಲ, ಕಾಲು ಆಡುತ್ತಲೇ ಇತ್ತು. ಮಸಿ ಹೊಟ್ಟೆಗಿಂತ ಮುಂಗೈಗಳ ಮೇಲೆ ಜಾಸ್ತಿ ಇತ್ತು. ವರ್ಷಗಟ್ಟಲೆ ಮಾಡಿದ ಅಭ್ಯಾಸದಿಂದ ಸಿಕ್ಕಿದ್ದು ಅಷ್ಟು. ಅದೇನು ಕಡಿಮೆ ಅಲ್ಲ ಅಂತಲೇ ನನ್ನ ಲೆಕ್ಕ. (ಮಾರ್ಕರಿನ ಮಸಿ ಒಗೆದರೂ ಹೋಗಲ್ಲ ಅಂತ ಅಮ್ಮಂದಿರ ತಕರಾರು ಬಂತು. ಈಗ ಸ್ಕೆಚ್ ಪೆನ್.)

ಇನ್ನೊಂದು ಪರೀಕ್ಷೆ ಅಮೆರಿಕದ್ದು. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನಿಸ್ ಟ್ಯೂಲರ್ 1983ರಲ್ಲಿ ಇದರ ಬಗ್ಗೆ ಲೇಖನ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರುತ್ತಾನೆ. ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಟೆರೇಸಿನಲ್ಲಿ ಟೇಪ್ ಹಿಡಿದು 21 ಅಡಿ ಗುರುತು ಹಾಕಿ ಮಕ್ಕಳನ್ನು ಓಡಿಸುತ್ತೇನೆ. ಅಷ್ಟು ದೂರ ಇದ್ದವನು ಇಷ್ಟು ಬೇಗ ಬಂದನಾ ಅಂತ ಎಲ್ಲರಿಗೂ ಆಶ್ಚರ್ಯ. ಬರಿಗೈಯವರು ಅದನ್ನು ಒಮ್ಮೆ ನೋಡಿಕೊಂಡರೆ ಸಾಕು, ಜಗಳದಲ್ಲಿ ತಾವಾಗಿಯೇ ದೂರ ನಿಲ್ಲುತ್ತಾರೆ.

ಕೊಯ್ತಾದ ಲೆಕ್ಕವೇ ಬೇರೆ. ಕಬ್ಬು ಕಡಿಯುವ, ನಮ್ಮ ಕಡೆಯ ಮಚ್ಚಿನಂಥ ಹತ್ಯಾರ ಅದು. ತಿವಿಯಲು ಬರುವುದಿಲ್ಲ, ಬೀಸಬೇಕು. ಬೀಸಲು ಜಾಗ ಬೇಕು, ಕೈ ಮೇಲೆತ್ತಬೇಕು. ಪೆಟ್ಟಿನ ಜೋರೆಲ್ಲ ತುದಿಯ ಕಡೆ. ಅದಕ್ಕೇ ಪೂರ್ತಿ ದೂರ ಇರಬೇಕು, ಇಲ್ಲವೇ ಪೂರ್ತಿ ಒಳಗೆ ನುಗ್ಗಿ ಕೈಯನ್ನೇ ತಬ್ಬಿಕೊಳ್ಳಬೇಕು. ನಡುವೆ ನಿಂತವನಿಗೆ ಪೆಟ್ಟು. ಸಣ್ಣ ಚಾಕುವಿಗೆ ಇದು ಪೂರ್ತಿ ಉಲ್ಟಾ, ಹತ್ತಿರ ಹೋದಷ್ಟೂ ಅಪಾಯ. 2023ರ ಜೂನ್ 27ರಂದು ಸದಾಶಿವ ಪೇಠೆಯಲ್ಲಿ ಒಬ್ಬ ಹುಡುಗಿಯ ಮೇಲೆ ಕೊಯ್ತಾದ ಹಲ್ಲೆ ಆಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ನುಗ್ಗಿ ಹಲ್ಲೆಕೋರನ ಕೈ ಹಿಡಿದ. ಆಮೇಲೆ ಉಳಿದವರೂ ಬಂದರು, ಹುಡುಗಿ ಉಳಿದಳು. ಆ ವಿಡಿಯೋ ಪುಣೆಯವರು ಎಲ್ಲರೂ ನೋಡಿದ್ದಾರೆ. ಅದರಲ್ಲಿ ಹೆಸರು ಹೇಳುವಂಥ ಪಟ್ಟು ಯಾವುದೂ ಇಲ್ಲ.

ಈಗ ನಮ್ಮ ಕ್ಲಾಸಿನಲ್ಲಿ ಮೊದಲು ಓಟ. ಎದುರಿನವನ ಕೈ ಬೆನ್ನ ಹಿಂದೆ ಹೋದ ಕೂಡಲೇ ಮೆಟ್ಟಿಲ ಕಡೆ ಓಡಬೇಕು, ಕೂಗುತ್ತಾ. ಪರ್ಸೋ ಮೊಬೈಲೋ ಕೇಳಿದರೆ ಎಸೆದು ಓಡಬೇಕು. ಓಡಲು ದಾರಿ ಇಲ್ಲದಿದ್ದರೆ ನಡುವೆ ಏನಾದರೂ ಇರಲಿ: ಸ್ಕೂಲ್ ಬ್ಯಾಗ್, ಕುರ್ಚಿ, ನಿಲ್ಲಿಸಿದ ಸ್ಕೂಟರ್. ಅದೂ ಇಲ್ಲದಾಗ ಮಾತ್ರ ಎರಡೂ ಕೈಯಿಂದ ಚಾಕು ಹಿಡಿದ ಒಂದು ಕೈಯನ್ನು ಮೊಣಕೈ ಹತ್ತಿರ ಎದೆಗೆ ಒತ್ತಿ ಹಿಡಿಯುವುದು, ಮೈಭಾರ ಹಾಕಿ ಗೋಡೆಗೆ ತಳ್ಳುವುದು. ನಾಜೂಕಾಗಿ ತಿರುಚುವುದೆಲ್ಲ ಬೇಡ. ಇಷ್ಟು ಮಾಡಿದರೂ ಸ್ಕೆಚ್ ಪೆನ್ನಿನ ಗುರುತು ಬೀಳುತ್ತದೆ, ಮೊದಲಿಗಿಂತ ಕಡಿಮೆ. ಬೆಲ್ಟ್ ಪರೀಕ್ಷೆಗೆ ಹಳೆಯ ಪಟ್ಟುಗಳು ಬೇಕು, ಅವನ್ನೂ ಕಲಿಸುತ್ತೇನೆ. ಇದು ಪರೀಕ್ಷೆಗೆ, ಇದು ಬೀದಿಗೆ ಅಂತ ಬೇರೆ ಮಾಡಿ ಹೇಳಿದರೆ ಮಕ್ಕಳಿಗೆ ಚೆನ್ನಾಗಿಯೇ ತಿಳಿಯುತ್ತದೆ.

ದೊಡ್ಡ ಹುಡುಗರಿಗೆ ಕಾನೂನನ್ನೂ ಸ್ವಲ್ಪ ಹೇಳಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ನೇ ಸೆಕ್ಷನ್ನಿನಿಂದ ಶುರುವಾಗುತ್ತದೆ. ಅಗತ್ಯಕ್ಕಿಂತ ಜಾಸ್ತಿ ಹೊಡೆಯಲು ಅದರಲ್ಲಿ ಜಾಗ ಇಲ್ಲ. ಅವನು ಚಾಕು ಬಿಸಾಕಿ ಓಡಿದ ಮೇಲೆ ಬೆನ್ನಟ್ಟಿ ಬಡಿದರೆ ಕೇಸು ನಮ್ಮ ಮೇಲೆ.

ಪ್ರತಿ ಸಲ ಕೊನೆಗೆ ಮೈ ತಡವಿ ನೋಡುವುದು ಇದೆ. ಇರಿತ ಆದಾಗ ಎಷ್ಟೋ ಜನರಿಗೆ ಗುದ್ದು ಬಿದ್ದ ಹಾಗಷ್ಟೇ ಅನಿಸುತ್ತದೆ, ಗಾಯ ಗೊತ್ತಾಗುವುದೇ ಇಲ್ಲ. ಅದಕ್ಕೆ ಜೊತೆಗಾರ ಕುತ್ತಿಗೆ, ಕಂಕುಳು, ಬೆನ್ನು, ತೊಡೆಯ ಸಂದಿ ಎಲ್ಲ ನೋಡಿ ಗುರುತು ಹುಡುಕುತ್ತಾನೆ. ಸಿಕ್ಕಿದ ಕಡೆ ಕರ್ಚೀಫೋ ದುಪಟ್ಟವೋ ಮಡಚಿ ಬಿಗಿಯಾಗಿ ಒತ್ತಿ ಹಿಡಿಯುತ್ತಾನೆ. ಚಾಕು ಒಳಗೇ ಸಿಕ್ಕಿಕೊಂಡಿದ್ದರೆ ಕೀಳಬಾರದು. ಇನ್ನೊಬ್ಬ 108ಕ್ಕೆ ಫೋನ್ ಮಾಡಿದ ಹಾಗೆ ನಟಿಸಿ ವಿಳಾಸ ಹೇಳುತ್ತಾನೆ. ತಮಾಷೆ ಅಂದರೆ, ದಿನಾ ಬರುವ ಈ ಬಿಲ್ಡಿಂಗಿನ ಹೆಸರೇ ಸುಮಾರು ಜನರಿಗೆ ನೆನಪಾಗುವುದಿಲ್ಲ. ಬಾಯಿಪಾಠ ಆಗುವ ತನಕ ಅದನ್ನೂ ಹೇಳಿಸುತ್ತೇನೆ, ಹತ್ತಿರದ ಚೌಕದ ಹೆಸರಿನ ಸಮೇತ.